ಎರಡೂವರೆ ಮಂದಿಯ ಭಾಷೆ

ಕಾರ್ಡು ಇತ್ತು. ಕೋಟಿನ ಒಳಜೇಬಿನಲ್ಲಿ, ಪರ್ಸಿನೊಳಗೆ, ಡ್ರೈವಿಂಗ್ ಲೈಸೆನ್ಸಿನ ಹಿಂದೆ, ಇರಬೇಕಾದ ಜಾಗದಲ್ಲೇ ಇತ್ತು. ಯಶವಂತ್ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ.

“ಅಪ್ಪ, ದಟ್ಸ್ ದಿ ಫಿಫ್ತ್ ಟೈಮ್,” ಎಂದಳು ಪಕ್ಕದಲ್ಲಿದ್ದ ಮಗಳು ನಿಧಿ, ಫೋನಿನಿಂದ ಕಣ್ಣು ತೆಗೆಯದೆ.

“ಏನು?”

“ಗ್ರೀನ್ ಕಾರ್ಡ್. ಅದು ಓಡಿ ಹೋಗಲ್ಲ.”

ಅವನು ಕೈಯನ್ನು ಮತ್ತೆ ಸ್ಟಿಯರಿಂಗಿಗೆ ತಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯನ್ನು ಇವಳು ಚಿಕ್ಕವಳಿದ್ದಾಗ ಹೇಳಿದವನು ಅವನೇ. ಆಗ ಇಬ್ಬರೂ ನಕ್ಕಿದ್ದರು.

ಬಾಲ್ಟಿಮೋರ್ ಹತ್ತಿರದ ಊರು ಕೊಲಂಬಿಯಾದ ಮನೆ ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು. ಫೆಬ್ರವರಿಯ ಶನಿವಾರ. ರಸ್ತೆಯ ಬದಿಗೆ ತಳ್ಳಿದ್ದ ಹಿಮ ಕಾರುಗಳ ಹೊಗೆ ಕುಡಿದು ಕಪ್ಪಾಗಿತ್ತು. ಹೋಗುತ್ತಿದ್ದದ್ದು ಪೊಟೋಮ್ಯಾಕ್ ನದಿಯ ದಂಡೆಯ ಸಣ್ಣ ಮ್ಯೂಸಿಯಂ ಒಂದಕ್ಕೆ. ಈ ನೆಲದ ಮೂಲನಿವಾಸಿಗಳ ಮಕ್ಕಳಿಗಾಗಿ ಶಾಲೆಗಳು ನಡೆಸುವ ಕಾರ್ಯಕ್ರಮವೊಂದಿದೆ. ಅದರ ವರ್ಷದ ಕುಟುಂಬ ಕೂಟ ಅಲ್ಲಿ. ಯಶವಂತನ ಕುಟುಂಬಕ್ಕೂ ಕರೆ ಬಂದಿತ್ತು. ವಿಳಾಸ ತಪ್ಪಿ ಬಂದದ್ದಲ್ಲ. ಕಾಗದದ ಪ್ರಕಾರ ಸರಿಯಾಗಿಯೇ ಬಂದಿತ್ತು.

ಆ ಕಾಗದ ಹುಟ್ಟಿದ್ದು ಹನ್ನೆರಡು ವರ್ಷದ ಹಿಂದೆ, ಆಗ ಇದ್ದ ಊರಾದ ಏಪೆಕ್ಸ್‌ನಲ್ಲಿ, ನಿಧಿಯನ್ನು ಮೊದಲ ಸಲ ಶಾಲೆಗೆ ಸೇರಿಸುವಾಗ. ಫಾರ್ಮಿನಲ್ಲಿ ಮಗುವಿನ ಜನಾಂಗ ಯಾವುದೆಂದು ಕೇಳಿದ್ದರು. ‘ಏಷ್ಯನ್’ ಎಂಬ ಚೌಕ ನೋಡಿದ; ಅದು ಚೀನಾ, ಜಪಾನಿನವರಿಗೆ ಅಂದುಕೊಂಡ. ಅದರ ಕೆಳಗೆ ‘ಅಮೆರಿಕನ್ ಇಂಡಿಯನ್’ ಎಂದಿತ್ತು. ಮಗು ಹುಟ್ಟಿದ್ದು ಇಲ್ಲೇ, ರಾಲಿಯ ಆಸ್ಪತ್ರೆಯಲ್ಲಿ. ಅಪ್ಪ ಅಮ್ಮ ಇಂಡಿಯನ್. ಇನ್ನೇನು ಬೇಕು? ನಂಜನಗೂಡಿನ ಶಾಲೆಯಲ್ಲಿ ಸಮಾಜದ ಮೇಷ್ಟ್ರು ಅವನಿಗೆ ಕಲಿಸಿದ್ದು ‘ರೆಡ್ ಇಂಡಿಯನ್’ ಎಂಬ ಮಾತು. ಫಾರ್ಮಿನಲ್ಲಿ ರೆಡ್ ಎಲ್ಲಿಯೂ ಇರಲಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೂ ಒಂದು ಚೌಕ ಇಟ್ಟಿದ್ದಾರಲ್ಲ, ಎಷ್ಟು ಮುಂದಾಲೋಚನೆಯ ದೇಶ ಎಂದು ಮೆಚ್ಚಿಕೊಂಡು ಗುರುತು ಹಾಕಿದ.

ಅವನು ಓದಿದ್ದು ಸಂಖ್ಯಾಶಾಸ್ತ್ರ. ಆಸ್ಪತ್ರೆಗಳ ಪಟ್ಟಿಯಲ್ಲಿ ತಪ್ಪು ಚೌಕದಲ್ಲಿ ಬಿದ್ದಿರುವ ಜನರನ್ನು ಹುಡುಕಿ ಸರಿಯಾದ ಚೌಕಕ್ಕೆ ಹಾಕುವುದು ಅವನ ಹೊಟ್ಟೆಪಾಡು.

ಆ ಚೌಕ ಇಲ್ಲಿಯ ಮೂಲನಿವಾಸಿಗಳದ್ದು ಎಂದು ತಿಳಿದದ್ದು ಎರಡು ವರ್ಷದ ಮೇಲೆ, ಆಫೀಸಿನ ಒಂದು ತರಬೇತಿಯಲ್ಲಿ. ಅಂದೇ ಶಾಲೆಗೆ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಗ್ರೀನ್ ಕಾರ್ಡಿನ ಅರ್ಜಿ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಯಾವ ಕಾಗದವನ್ನೂ ಅಲುಗಾಡಿಸಬಾರದು ಎನ್ನಿಸಿತು. ಆಮೇಲೆ ಕಾರ್ಡು ಬಂತು, ಕೊಲಂಬಿಯಾಕ್ಕೆ ಬಂದರು, ನಿಧಿಯ ದಾಖಲೆಯೂ ಬೆನ್ನು ಹತ್ತಿ ಬಂತು. ಕಾರ್ಯಕ್ರಮದವರ ಇಮೇಲ್ ಬಂದಾಗಲೆಲ್ಲ ಅಳಿಸಿದ. ಉಗುರಲ್ಲಿ ಹೋಗುವುದಕ್ಕೆ ಈಗ ಕೊಡಲಿ ಬೇಕಾಗಿತ್ತು.

ಯಾಕೆಂದರೆ ಮಂಗಳವಾರ ಬಾಲ್ಟಿಮೋರಿನಲ್ಲಿ ಅವನ ಸಿಟಿಜನ್‌ಶಿಪ್ ಇಂಟರ್‌ವ್ಯೂ. ಆ ಅರ್ಜಿಯಲ್ಲಿ ಒಂದು ಪ್ರಶ್ನೆ: ಯಾವಾಗಲಾದರೂ ಯಾವುದೇ ಸರ್ಕಾರಿ ಅಧಿಕಾರಿಗೆ ಸುಳ್ಳು ಮಾಹಿತಿ ಕೊಟ್ಟಿದ್ದೀರಾ? ‘ಇಲ್ಲ’ ಎಂದು ಬರೆದಿದ್ದ. ಅಧಿಕಾರಿಯ ಮುಂದೆ ಬಲಗೈ ಎತ್ತಿ ಅದನ್ನೇ ಮತ್ತೆ ಹೇಳಬೇಕು. ಶಾಲೆ ಸರ್ಕಾರದ್ದು. ಶಾಲೆಯ ಗುಮಾಸ್ತೆ ಅಧಿಕಾರಿಯೇ? ವಕೀಲರನ್ನು ಕೇಳಲಿಲ್ಲ, ಕೇಳಿದರೆ ಅದೂ ಒಂದು ದಾಖಲೆ. ವಾಟ್ಸಾಪ್ ಗುಂಪಿನಲ್ಲಿ ಯಾರಿಗೋ ಏನೋ ಆಯಿತಂತೆ ಎಂಬ ಸುದ್ದಿ ದಿನಕ್ಕೊಂದು. ಇಂಟರ್‌ವ್ಯೂಗೆ ಒಳಗೆ ಹೋದವರು ಹೊರಗೆ ಬರಲಿಲ್ಲವಂತೆ. ಯಾರು, ಯಾವ ಊರು, ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅವನಿಗೆ ಹೆಚ್ಚು ಹೆದರಿಕೆಯಾಗುತ್ತಿತ್ತು.

ಇವತ್ತು ಮಾಡಬೇಕಾದ ಕೆಲಸ ಒಂದೇ. ಕಾರ್ಯಕ್ರಮ ನಡೆಸುವ ರೋಂಡಾ ಎಂಬಾಕೆಯನ್ನು ಪಕ್ಕಕ್ಕೆ ಕರೆದು, ಬಾಯಿಮಾತಿನಲ್ಲಿ ಹೇಳಿ, ಮಗಳ ಹೆಸರನ್ನು ಪಟ್ಟಿಯಿಂದ ತೆಗೆಸುವುದು. ಎಲ್ಲಿಯೂ ಏನೂ ಉಳಿಯಬಾರದು. ನಿಧಿಗೆ ಇದನ್ನು ಹೇಳಿರಲಿಲ್ಲ.

ಮ್ಯೂಸಿಯಂ ಬಾಗಿಲಲ್ಲಿ ಸಮವಸ್ತ್ರದ ಗಾರ್ಡ್ ಇದ್ದ. ಸೊಂಟದಲ್ಲಿ ಏನೋ ತೂಗುತ್ತಿತ್ತು. ಯಶವಂತ್ ಕೇಳದೆಯೇ ಪರ್ಸು ತೆಗೆದ. ಗಾರ್ಡ್ ನಕ್ಕ. “ಟಿಕೆಟ್ ಬೇಡ ಸರ್, ಇವತ್ತು ಉಚಿತ,” ಎಂದ.

ಒಳಗಿನಿಂದ ನೆರೆತ ಜಡೆಯ ಹೆಂಗಸೊಬ್ಬಳು ತೋಳು ಚಾಚಿಕೊಂಡು ಬಂದಳು. ಅವನನ್ನು ದಾಟಿ ಹೋಗಿ ನಿಧಿಯನ್ನು ಅಪ್ಪಿಕೊಂಡಳು.

“ನಮ್ಮ ಗುರುವಾರದ ಹುಡುಗಿ,” ಎಂದು ಅವನ ಕಡೆ ತಿರುಗಿದಳು. “ನೀವು ಅಪ್ಪ. ಅಂತೂ ಬಂದಿರಿ. ನಾನು ರೋಂಡಾ.” ಅವನನ್ನೂ ಅಪ್ಪಿಕೊಂಡಳು. ಆಕೆಯ ಕೋಟಿನಿಂದ ಕಟ್ಟಿಗೆ ಹೊಗೆಯ ವಾಸನೆ ಬಂತು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಕೆ ಮುಂದಿನವರನ್ನು ಅಪ್ಪಿಕೊಳ್ಳುತ್ತಿದ್ದಳು.

“ಗುರುವಾರ ಏನು?” ಎಂದ ಮಗಳಿಗೆ, ತಗ್ಗಿದ ದನಿಯಲ್ಲಿ.

“ಲಂಚ್ ಗ್ರೂಪ್. ಸ್ಕೂಲ್‌ನಲ್ಲಿ.”

“ಎಷ್ಟು ದಿನದಿಂದ?”

“ಸಿನ್ಸ್ ನೈಂತ್ ಗ್ರೇಡ್.”

ಎರಡು ವರ್ಷ.

“ಅವ್ರಿಗೆ ಏನಂತ ಹೇಳಿದ್ದೀಯ?”

“ನಥಿಂಗ್. ಅವ್ರು ಕೇಳಲ್ಲ ಅಪ್ಪ.” ನಿಧಿ ಟೋಪಿ ತೆಗೆದು ಕೂದಲು ಸರಿಮಾಡಿಕೊಂಡಳು. “ಬೇರೆ ಎಲ್ರೂ ಕೇಳ್ತಾರೆ, ವೇರ್ ಆರ್ ಯೂ ಫ್ರಮ್, ನೋ, ವೇರ್ ಆರ್ ಯೂ ರಿಯಲಿ ಫ್ರಮ್. ಇವ್ರು ಯಾವತ್ತೂ ಕೇಳಿಲ್ಲ. ಅದಕ್ಕೇ ಹೋಗ್ತೀನಿ.”

ಅವನು ಜನರ ನಡುವೆ ರೋಂಡಾ ಎಲ್ಲಿದ್ದಾಳೆಂದು ಕಣ್ಣಾಡಿಸಿದ.

“ನೀನು ಹೇಳಕ್ಕೆ ಬಂದಿದ್ದೀಯ, ಅಲ್ವಾ?” ಎಂದಳು. “ಹೇಳಿದ್ರೆ ನಾನು ಇನ್ನು ಹೋಗಕ್ಕಾಗಲ್ಲ.”

“ಅದೆಲ್ಲ ಆಮೇಲೆ ಮಾತಾಡೋಣ.”

“ಓಕೆ,” ಎಂದು ಅವಳು ಹೊರಟು ಹೋದಳು. ಅವಳ ಓಕೆಯಲ್ಲಿ ಬೇಸರವಿರಲಿಲ್ಲ. ಇವನಿಂದ ಇನ್ನೇನನ್ನೂ ನಿರೀಕ್ಷಿಸುವುದಿಲ್ಲ ಎಂಬಂತಿತ್ತು. ಅದು ಅವನಿಗೆ ನಾಟಿತು.

ಮೇಜಿನ ಮೇಲೆ ಒಂದು ದೊಡ್ಡ ಹಾಳೆ. ಬಂದವರು ಹೆಸರು ಬರೆದು ಸಹಿ ಹಾಕಬೇಕು. ಹೆಸರಿನ ಪಕ್ಕದ ಕಲಂ: ನಿಮ್ಮ ಜನ. ಇಂಟರ್‌ವ್ಯೂಗೆಂದು ಅವನು ನೂರು ಪ್ರಶ್ನೆ ಬಾಯಿಪಾಠ ಮಾಡಿದ್ದ. ಯುರೋಪಿನವರು ಬರುವ ಮೊದಲು ಇಲ್ಲಿ ಯಾರಿದ್ದರು? ಒಂದು ಬುಡಕಟ್ಟಿನ ಹೆಸರು ಹೇಳಿ. ಆ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಒಂದೇ ಮಾತು, ಬರೆದರೆ ಮುಗಿಯಿತು.

ಆಗ ಮೇಲಿನ ಸಾಲು ನೋಡಿದ. ನಿಧಿ ಆಗಲೇ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು. ಜನ ಎಂಬ ಕಲಮಿನಲ್ಲಿ ‘ಮೈಸೂರು’ ಎಂದಿತ್ತು.

ಯಶವಂತ್ ತನ್ನ ಹೆಸರು ಬರೆದ. ಪಕ್ಕದಲ್ಲಿ, ಮೇಲಿನಂತೆಯೇ ಎಂದು ತಿಳಿಸುವ ಎರಡು ಗೀಟು ಎಳೆದ. ಎರಡು ಗೀಟಿಗೆ ಯಾರು ಏನು ಕೇಸು ಹಾಕುತ್ತಾರೆ? ತನಗೂ ಮಗಳಿಗೂ ಸೇರಿಸಿ ಸಹಿ ಹಾಕಿದ. ಸೋಪಿನ ಪ್ಯಾಕೆಟ್ಟಿನ ಸಣ್ಣಕ್ಷರವನ್ನೂ ಬಿಡದೆ ಓದುವವನು ಆ ಹಾಳೆಯ ಅಡಿಯಲ್ಲಿದ್ದ ಮೂರು ಸಾಲನ್ನು ಓದಲಿಲ್ಲ.

ಒಳಗಿನ ಹಾಲಿನ ಒಂದು ಗೋಡೆ ಪೂರ್ತಿ ಗಾಜು. ಆಚೆ ನದಿ. ನದಿ ಎನ್ನಲು ಅಲ್ಲಿ ನೀರು ಹೆಚ್ಚಿರಲಿಲ್ಲ. ದಂಡೆಯಿಂದ ದಂಡೆಗೆ ಬೂದು ಬಣ್ಣದ ಮಂಜುಗಡ್ಡೆ, ನಡುವೆ ಮಾತ್ರ ಕಪ್ಪು ನೀರಿನ ಒಂದು ಪಟ್ಟಿ. ಆ ಪಟ್ಟಿ ಹರಿಯುತ್ತಿತ್ತೋ ನಿಂತಿತ್ತೋ ತಿಳಿಯುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಢಂ ಎಂದು ಸದ್ದಾಯಿತು. ಯಶವಂತ್ ಬೆಚ್ಚಿ ಬಾಗಿಲ ಕಡೆ ನೋಡಿದ.

“ಗಡ್ಡೆ ಬಿರಿಯುವ ಸದ್ದು,” ಎಂದ ಗಾರ್ಡ್, ಕೂತಲ್ಲಿಂದಲೇ. “ಉಬ್ಬರ ಬಂದಾಗ ಹೀಗೆ. ಗುಂಡು ಹಾರಿದ ಹಾಗೆ ಕೇಳಿಸುತ್ತೆ, ಅಲ್ವಾ?”

ಗಾಜಿನುದ್ದಕ್ಕೂ ಕಲ್ಲಿನ ಐದು ಆಕೃತಿಗಳು ನಿಂತಿದ್ದವು. ಸೊಂಟದೆತ್ತರದ ಹೆಂಗಸರು, ನದಿಗೆ ಮುಖ ಮಾಡಿ. ಕಣ್ಣು ಮೂಗು ಕೆತ್ತಿರಲಿಲ್ಲ. ಹೊದ್ದ ಕಂಬಳಿಯ ಮಡಿಕೆ, ಬಗ್ಗಿದ ಭುಜ, ತೆರೆದ ಬಾಯಿ, ಅಷ್ಟೆ. ಹಸಿರು ಮಿಶ್ರಿತ ಬೂದು ಬಣ್ಣ. ಮುಟ್ಟಬಾರದೆಂದು ಗೊತ್ತಿದ್ದೂ ಅವನ ಬೆರಳು ಒಂದರ ಭುಜಕ್ಕೆ ಹೋಯಿತು. ನುಣುಪು, ಎಣ್ಣೆ ಸವರಿದಂತೆ. ಬಳಪದ ಕಲ್ಲು. ಬೇಲೂರಿಗೆ ಪ್ರವಾಸ ಹೋದಾಗ ಮೇಷ್ಟ್ರು ಇದೇ ಕಲ್ಲನ್ನು ಉಗುರಿನಿಂದ ಗೀಚಿ ತೋರಿಸಿದ್ದರು.

“ಮುಟ್ಟಿ, ಮುಟ್ಟಿ,” ಎಂದಿತು ಹಿಂದಿನಿಂದ ಒಂದು ದನಿ. ಇವನ್ನು ಕೆತ್ತಿದ ಶಿಲ್ಪಿ, ಎಂಬತ್ತರ ಮುದುಕ, ಉಗುರಿನ ಸಂದಿಯಲ್ಲಿ ಕಲ್ಲಿನ ಹಿಟ್ಟು. “ಈ ಕಲ್ಲು ಗೊತ್ತಾ ನಿಮಗೆ?”

“ನಮ್ಮ ಕಡೆಯೂ ಇದೆ,” ಎಂದುಬಿಟ್ಟ ಯಶವಂತ್.

ಮುದುಕ ಸಂತೋಷದಿಂದ ತಲೆಯಾಡಿಸಿದ. ತನ್ನ ಜನದ ಹೆಸರು ಹೇಳಿದ, ಕೆರೊಲೈನಾದ ಕಡೆಯವರೆಂದ. ಹೆಸರು ಯಶವಂತನಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಲು ನಾಚಿಕೆಯಾಯಿತು. ನಮ್ಮ ಭಾಷೆ ಹೋಗಿಬಿಟ್ಟಿದೆ, ಅಜ್ಜಿಯಿಂದ ನನಗೆ ಬಂದದ್ದು ಹನ್ನೊಂದು ಮಾತು, ಎಂದ ಮುದುಕ. ಯಾವುವು ಎಂದು ಯಶವಂತ್ ಕೇಳಲಿಲ್ಲ. ಕೇಳಿದರೆ, ನಿಮ್ಮದು ಯಾವುದು ಎಂಬ ಪ್ರಶ್ನೆ ಬರುತ್ತಿತ್ತು.

ಫೋನು ಅದುರಿತು. ಹೆಂಡತಿ ಶ್ರೀದೇವಿ. ಔಷಧಿ ಅಂಗಡಿಯಲ್ಲಿ ಅವಳಿಗೆ ಶನಿವಾರವೂ ಡ್ಯೂಟಿ.

“ಹೇಳಿದ್ರಾ?”

“ಹೇಳ್ತೀನಿ.”

“ಈ ವಿಷ್ಯ ಫೋನಲ್ಲಿ ಮಾತಾಡ್ಬೇಡಿ.”

“ನೀನೇ ಫೋನ್ ಮಾಡಿದ್ದು.”

“ಸರಿ, ಇಡ್ತೀನಿ. ಮಂಗಳವಾರ ಅಂತ ನೆನಪಿದ್ಯಲ್ಲ?”

ನೆನಪಿಲ್ಲದೆ ಏನು? ರೋಂಡಾ ಕಾಫಿಯ ಮೇಜಿನ ಬಳಿ ಒಬ್ಬಳೇ ನಿಂತದ್ದು ಕಾಣಿಸಿತು. ಅವನು ಹತ್ತಿರ ಹೋಗಿ ನಿಂತ. ಮನಸ್ಸಿನಲ್ಲಿ ಮೂರು ಸಲ ಹೇಳಿಕೊಂಡಿದ್ದ ವಾಕ್ಯವನ್ನು ಹೇಳಿದ.

“ನಿಧಿಯ ಕಾಗದದಲ್ಲಿ ಒಂದು ತಪ್ಪಿದೆ.”

ರೋಂಡಾ ಲೋಟ ಕೆಳಗಿಟ್ಟಳು.

“ನನ್ನ ಅಜ್ಜಿಯ ಮೂರು ಕಾಗದ ನನ್ನ ಹತ್ತಿರ ಇವೆ,” ಎಂದಳು. “ಒಂದರಲ್ಲಿ ಬಿಳಿಯಳು, ಒಂದರಲ್ಲಿ ಕರಿಯಳು. ಇನ್ನೊಂದರಲ್ಲಿ ಆ ಜಾಗವೇ ಖಾಲಿ. ಮೂಲನಿವಾಸಿ ಎಂದು ಎಲ್ಲಿಯೂ ಇಲ್ಲ. ಬರೆದವನ ಪೆನ್ನಿಗೆ ಅವತ್ತು ಏನು ತೋಚಿತೋ ಅದು. ನಾವು ಇಲ್ಲವೇ ಇಲ್ಲ ಎಂದು ಕಾಗದದಲ್ಲೇ ಮುಗಿಸಿದರು.”

“ಅದಲ್ಲ, ನಾನೇ ಆ ಫಾರ್ಮ್…”

“ನಿಮ್ಮ ತಪ್ಪಲ್ಲ.” ಆಕೆ ಅವನ ಮುಂಗೈ ಹಿಡಿದಳು. “ಕಾಗದಕ್ಕೆ ನಾಚಿಕೊಳ್ಳಬೇಡಿ. ನಿಮ್ಮ ಮಗಳು ಮೊದಲ ದಿನ ಬಂದಾಗ ಯಾವ ಮೂಲೆಯಲ್ಲಿ ಕೂತಿದ್ದಳು ಗೊತ್ತಾ? ಈಗ ನೋಡಿ.”

ಅವನು ನೋಡಿದ. ಹಾಲಿನ ಆ ತುದಿಯಲ್ಲಿ ನಿಧಿ ಇಬ್ಬರು ಹುಡುಗಿಯರ ನಡುವೆ ನೆಲದ ಮೇಲೆ ಕೂತು ಯಾವುದಕ್ಕೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟ. ಈ ಹೆಂಗಸಿಗೆ ಈಗ ನಿಜ ಹೇಳಿದರೆ ಆಕೆ ಸಿಟ್ಟಾಗುವುದಿಲ್ಲ. ಹಿಡಿದ ಕೈಯನ್ನು ನಿಧಾನವಾಗಿ ಬಿಡುತ್ತಾಳೆ. ಅವನಿಗೆ ಅಧಿಕಾರಿಯ ಭಯದ ಜೊತೆಗೆ ಈ ಭಯವೂ ಸೇರಿಕೊಂಡಿತು.

“ಬನ್ನಿ, ಸುತ್ತು ಕೂರುವ ಹೊತ್ತಾಯಿತು,” ಎಂದಳು ರೋಂಡಾ.

ಇಪ್ಪತ್ತು ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನಡುವೆ ಶಿಲ್ಪಿ ಕೂತ. ಪದ್ಧತಿ ಏನೆಂದು ಹೇಳಿದ: ಒಬ್ಬೊಬ್ಬರಾಗಿ ಎದ್ದು ನಿಂತು, ತಮ್ಮ ಜನರ ಮಾತಿನಲ್ಲಿ, ನಾನು ಯಾರು, ಯಾರ ಮಗು, ಯಾವ ನೀರಿನವನು, ಇಷ್ಟು ಹೇಳಬೇಕು. ಮಾತು ಉಳಿದಿರದಿದ್ದರೆ ಉಳಿದಷ್ಟು. ಏನೂ ಉಳಿದಿರದಿದ್ದರೆ ಸುಮ್ಮನೆ ನಿಂತು ಕೂರಬಹುದು, ಅದನ್ನೂ ಕೇಳಿಸಿಕೊಳ್ಳುತ್ತೇವೆ.

ಒಬ್ಬೊಬ್ಬರೇ ಎದ್ದರು. ಕೆಲವರು ನಿರರ್ಗಳವಾಗಿ ಆಡಿದರು. ಕೆಲವರು ಎರಡು ಮಾತಾಡಿ ಇಂಗ್ಲಿಷಿಗೆ ಬಂದರು. ದಪ್ಪಗಿನ ಮನುಷ್ಯನೊಬ್ಬ ಎದ್ದು ನಿಂತು, ತುಟಿ ಪಿಟಕ್ಕೆನ್ನದೆ ಅಳುತ್ತ ಕೂತುಕೊಂಡ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ರೋಂಡಾ ಸಣ್ಣದೊಂದು ಯಂತ್ರ ಹಿಡಿದು ಸುತ್ತುತ್ತಿದ್ದಳು. ಅದು ಮೈಕು ಎಂದುಕೊಂಡ ಯಶವಂತ್. ಓಡಿ ಹೋಗುವುದಾದರೆ ಬಾಗಿಲು ಎಷ್ಟು ದೂರ ಎಂದು ನೋಡಿದ. ಗಾರ್ಡ್ ಅಲ್ಲಿಯೇ ಕೂತಿದ್ದ.

ನಿಧಿ ಎದ್ದಳು. ಅವಳು ಏನೂ ಹೇಳದೆ ಕೂರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

“ನನ್ನ ಹೆಸರು ನಿಧಿ,” ಎಂದಳು. “ನಾನು ಯಶವಂತ್, ಶ್ರೀದೇವಿ ಮಗಲು. ಸೋಮಲಿಂಗಪ್ಪ ಮೊಮ್ಮಗಲು. ನಮ್ಮ ನದಿ ಕಪಿಲಾ. ನಾನು ಅದ್ರಲ್ಲಿ ಕಾಲು ಇಟ್ಟಿದ್ದೀನಿ, ಒಂದು ಸಲ.”

ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಳಕಾರ ಆಗಾಗ ತಪ್ಪುವ ಹುಡುಗಿ. ಆಡಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕೇಳಿದರು.

“ಎಷ್ಟು ಸುಂದರ,” ಎಂದಳು ಪಕ್ಕದ ಮುದುಕಿ. “ಇನ್ನೂ ಎಷ್ಟು ಮಂದಿ ಆಡುತ್ತಾರೆ ಮಗು, ಇದನ್ನು?”

ನಿಧಿ ಯೋಚಿಸಿದಳು. “ನಮ್ಮ ಮನೆಯಲ್ಲಿ ಎರಡೂವರೆ ಮಂದಿ,” ಎಂದಳು ಇಂಗ್ಲಿಷಿನಲ್ಲಿ. “ಅರ್ಧ ನಾನು.”

ಮುದುಕಿ ಕಣ್ಣೊರೆಸಿಕೊಂಡಳು. ಕೋಟಿಗಟ್ಟಲೆ ಜನ ಆಡುತ್ತಾರೆ, ಬಸ್ಸಿನ ಬೋರ್ಡಿನಲ್ಲಿದೆ, ಕೋರ್ಟಿನಲ್ಲಿದೆ, ಬೈಗುಳದಲ್ಲಂತೂ ಧಾರಾಳವಾಗಿದೆ ಎಂದು ಹೇಳಲು ಯಶವಂತನ ನಾಲಿಗೆ ತುರಿಸಿತು. ಹೇಳಲಿಲ್ಲ. ಅಷ್ಟರಲ್ಲಿ ಅವನ ಸರದಿ ಬಂದಿತ್ತು.

ಎದ್ದು ನಿಂತ. ಎಲ್ಲರ ಮುಖವೂ ಅವನ ಕಡೆ. ಈ ಹಾಲಿನಲ್ಲಿ ತಾನು ಏನು ಹೇಳಿದರೂ ನಿಧಿಯೊಬ್ಬಳ ಹೊರತು ಯಾರಿಗೂ ತಿಳಿಯುವುದಿಲ್ಲ ಎಂಬುದು ಆಗ ಹೊಳೆಯಿತು.

“ನನ್ನ ಹೆಸರು ಯಶವಂತ. ನಂಜನಗೂಡಿನ ಸೋಮಲಿಂಗಪ್ಪನವರ ಮಗ. ನಮ್ಮದು ಕಪಿಲಾ ನದಿ.”

ಕೂರಬಹುದಿತ್ತು. ಕೂರಲಿಲ್ಲ. ಇಲ್ಲಿ ಎಲ್ಲವನ್ನೂ ಹೇಳಿಬಿಡಬಹುದಿತ್ತು. ಒಂದೇ ಎಚ್ಚರ ಬೇಕಾಗಿತ್ತು: ನಡುವೆ ಇಂಗ್ಲಿಷ್ ಮಾತು ಬರಬಾರದು. ಫಾರ್ಮ್ ಎಂದರೆ ತಿಳಿದುಬಿಡುತ್ತದೆ. ಇಂಟರ್‌ವ್ಯೂ ಎಂದರೆ ಮುಗಿಯಿತು. ಇಪ್ಪತ್ತು ವರ್ಷದಿಂದ ಕಲಬೆರಕೆ ಕನ್ನಡವಾಡಿದ ನಾಲಿಗೆ ಒಂದೊಂದು ಮಾತಿಗೂ ತಡಕಾಡಿತು. 

“ನಾವು ಇಲ್ಲಿಯವರಲ್ಲ. ಅರ್ಜಿಯಲ್ಲಿ ತಪ್ಪು ಗುರುತು ಹಾಕಿದವನು ನಾನು. ಮಗಳದ್ದೇನೂ ತಪ್ಪಿಲ್ಲ. ಮಂಗಳವಾರ ನನ್ನ ಸಂದರ್ಶನ ಇದೆ. ಅವರು ಕೇಳಿದರೆ ಏನು ಹೇಳಲಿ? ನನಗೆ ಭಯವಾಗುತ್ತಿದೆ. ಎಷ್ಟೋ ವರ್ಷದಿಂದ ಭಯವಾಗುತ್ತಿದೆ. ದಯವಿಟ್ಟು ಯಾರಿಗೂ ಹೇಳಬೇಡಿ.”

ಕೊನೆಯ ಮಾತಿಗೆ ದನಿ ಒಡೆಯಿತು. ಶಿಲ್ಪಿ ತಲೆ ಬಾಗಿಸಿ ತನ್ನ ಹನ್ನೊಂದು ಮಾತುಗಳಲ್ಲಿ ಒಂದನ್ನು ಅವನಿಗೆ ಕೊಟ್ಟ. ಅದರ ಅರ್ಥ ಯಶವಂತನಿಗೆ ತಿಳಿಯಲಿಲ್ಲ. ಕೂತಾಗ ಎದೆ ಹಗುರವಾಗಿತ್ತು. ಹೇಳಿಯೂ ಆಯಿತು, ಯಾರಿಗೂ ತಿಳಿಯಲೂ ಇಲ್ಲ. ಬೀಸೋ ದೊಣ್ಣೆ ತಪ್ಪಿತು ಎಂದುಕೊಂಡ.

“ಸಂದರ್ಶನ ಅಂದ್ರೆ ಏನು?” ಎಂದು ಪಿಸುಗುಟ್ಟಿದಳು ನಿಧಿ.

“ಏನಿಲ್ಲ.”

“ನಿಂಗೆ ಭಯ ಆಗತ್ತಾ ಅಪ್ಪ? ರಿಯಲಿ?”

“ಸುಮ್ನೆ ಅಂದೆ ಅಷ್ಟೆ.”

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನದಿಯ ಕಡೆ ತಿರುಗಿದ.

ಎಲ್ಲ ಮುಗಿದ ಮೇಲೆ ರೋಂಡಾ ಅವರಿಬ್ಬರ ಬಳಿ ಬಂದಳು. ಕಣ್ಣು ಕೆಂಪಾಗಿತ್ತು. ಕೈಯಲ್ಲಿದ್ದ ಯಂತ್ರದ ಮೇಲೆ ಸಣ್ಣ ಕೆಂಪು ದೀಪ ಉರಿಯುತ್ತಿತ್ತು.

“ಅದು ಏನು?” ಎಂದ ಯಶವಂತ್.

“ಧ್ವನಿಮುದ್ರಣ. ಸಹಿ ಮಾಡುವಾಗ ಓದಿದಿರಲ್ಲ? ಇವತ್ತಿನ ಐದು ದನಿ ಈ ಐದು ಕಲ್ಲಿಗೆ. ಬಾಯಿಯೊಳಗೆ ಸ್ಪೀಕರ್ ಇದೆ, ಇದರಿಂದ ನೇರ ಅಲ್ಲಿಗೆ ಹೋಗುತ್ತದೆ. ಬಂದವರು ನಿಂತು ಕೇಳಬಹುದು. ಮೊದಲನೆಯದು ನಿಮ್ಮದೇ ಆಗಬೇಕೆಂದು ಅವರು ಹೇಳಿದರು.” ಆಕೆ ಶಿಲ್ಪಿಯ ಕಡೆ ತೋರಿಸಿದಳು.

“ಬೇಡ. ಅಳಿಸಿ. ದಯವಿಟ್ಟು.” ಇಂಗ್ಲಿಷಿನಲ್ಲಿ ಹೇಳುವಾಗ ದಯವಿಟ್ಟು ಎಂಬುದು ಮರ್ಯಾದೆಯ ಮಾತಿನಂತೆ ಕೇಳಿಸಿತು, ಬೇಡಿಕೊಂಡಂತಲ್ಲ.

“ನಾಚಿಕೆಯೇ?” ಆಕೆ ನಕ್ಕಳು. “ಅರ್ಥ ಹೇಳಬೇಕಾಗಿಲ್ಲ. ಪ್ರಾರ್ಥನೆ ಎಂದು ನಮಗೆಲ್ಲ ತಿಳಿಯಿತು.”

“ಯಾವಾಗ ಹಾಕ್ತೀರಿ?”

“ಆಗಲೇ ಹಾಕಿದರು.”

ಗಾಜಿನ ಪಕ್ಕದ ಹಾದಿಯಲ್ಲಿ, ಹೊರಗಿನ ಜನ ಓಡಾಡುವ ಕಡೆ, ಮೊದಲ ಕಲ್ಲಿನ ಬಾಯಿಯಿಂದ ಅವನ ದನಿ ಬಂತು. ಅವನದೇ, ಆದರೆ ಅವನಿಗಿಂತ ಗಟ್ಟಿ. ನನ್ನ ಹೆಸರು ಯಶವಂತ. ನಂಜನಗೂಡಿನ ಸೋಮಲಿಂಗಪ್ಪನವರ ಮಗ. ನಾಲ್ಕಾರು ಜನ ತಲೆ ತಗ್ಗಿಸಿ ನಿಂತರು. ಮುಗಿದ ಮೇಲೆ ಸ್ವಲ್ಪ ಬಿಟ್ಟು ಮತ್ತೆ ಮೊದಲಿಂದ ಶುರುವಾಯಿತು. ಕೊಲಂಬಿಯಾದಲ್ಲೇ ಕನ್ನಡದವರ ಎಷ್ಟು ಮನೆಗಳಿವೆ ಎಂದು ಅವನು ಎಣಿಸತೊಡಗಿದ. ಸಂಘದವರು ಮಕ್ಕಳನ್ನು ಕಟ್ಟಿಕೊಂಡು ಎಲ್ಲೆಲ್ಲಿಗೋ ಹೋಗುತ್ತಿರುತ್ತಾರೆ. ಇಲ್ಲಿಗೆ ಯಾವ ಭಾನುವಾರ ಬರುತ್ತಾರೋ.

ಭಾನುವಾರದವರೆಗೆ ಕಾಯಬೇಕಾಗಲಿಲ್ಲ. ಹಾದಿಯ ಆ ಕೊನೆಯಿಂದ ಮಂಕಿ ಕ್ಯಾಪ್ ಹಾಕಿದ ಹಿರಿಯರೊಬ್ಬರು ಬರುತ್ತಿದ್ದರು. ಹಿಂದೆ, ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟ ಅವರ ಹೆಂಡತಿ. ಮಗಳ ಮನೆಗೆ ಆರು ತಿಂಗಳಿಗೆಂದು ಬಂದವರ ನಡಿಗೆ ಅದು. ಹಿರಿಯರು ಕಲ್ಲನ್ನು ದಾಟಿ ಹೋದರು, ನಿಂತರು, ಎರಡು ಹೆಜ್ಜೆ ಹಿಂದಕ್ಕೆ ಬಂದರು. ಕ್ಯಾಪನ್ನು ಕಿವಿಯ ಮೇಲಕ್ಕೆ ಸರಿಸಿದರು.

“ಲೇ, ನಿಂತ್ಕೋ. ಕನ್ನಡ.”

“ನಿಮಗೆ ಎಲ್ಲ ಕಡೆ ಕನ್ನಡವೇ ಕೇಳ್ಸತ್ತೆ. ಮೊನ್ನೆ ಸಾಮಾನು ತರಕ್ಕೆ ಹೋದಾಗ ಕಾಸ್ಟ್‌ಕೋದಲ್ಲೂ ಹಂಗೇ ಅಂದ್ರಿ. ಬನ್ನಿ, ರಚನಾ ಕಾರ್ ತರ್ತಿದ್ದಾಳೆ.”

“ಇಲ್ಲ ಕಣೇ. ಕೇಳಿಲ್ಲಿ. ಯಾರೋ ಹೆದರ್ಕೊಂಡಿದಾನೆ.”

ಹೆಂಡತಿ ನಿಲ್ಲದೆ ಬಾಗಿಲ ಕಡೆ ಹೋದರು. ಹಿರಿಯರು ಪೂರ್ತಿ ಕೇಳಿಸಿಕೊಂಡರು. ಮುಖ ಗಂಭೀರವಾಯಿತು. ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದು ಯಶವಂತನ ಮೇಲೆ ಕಣ್ಣು ನಿಲ್ಲಿಸಿದರು.

“ನೀವು ಕನ್ನಡದೋರಾ?”

ರೋಂಡಾ ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದಳು. ಏನೋ ನಡೆಯುತ್ತಿದೆ ಎಂದು ಕುತೂಹಲದಿಂದ ನೋಡುತ್ತಿದ್ದಳು. ನಿಧಿ ಅವನ ತೋಳು ಅಲುಗಿಸಿದಳು.

“ಅಪ್ಪ. ಅವ್ರು ನಿನ್ನ ಕೇಳ್ತಿದ್ದಾರೆ.”

“ಸಾರಿ, ಸರ್?” ಎಂದ ಯಶವಂತ್, ಆಫೀಸಿನ ಇಂಗ್ಲಿಷಿನಲ್ಲಿ, ನಾಲಿಗೆ ಹೊರಳಿಸಿ. “ಐ ಡೋಂಟ್ ಫಾಲೋ.”

ಹಿರಿಯರು ಅವನನ್ನು ನೋಡಿದರು, ಅವನ ತೋಳು ಹಿಡಿದ ಹುಡುಗಿಯನ್ನು ನೋಡಿದರು. “ನೋ ನೋ, ಸಾರಿ. ಐ ಥಾಟ್,” ಎಂದು ಅರ್ಧಕ್ಕೇ ಬಿಟ್ಟು ಕಲ್ಲಿನ ಕಡೆ ತಿರುಗಿದರು. ದಯವಿಟ್ಟು ಯಾರಿಗೂ ಹೇಳಬೇಡಿ, ಎಂದು ಕಲ್ಲು ಹೇಳುತ್ತಿತ್ತು. ಅವರು ಅದರ ನೆತ್ತಿಯ ಮೇಲೆ ಕೈಯಿಟ್ಟರು.

“ಹೆದರ್ಕೋಬೇಡಪ್ಪ,” ಎಂದರು. “ಯಾರಿಗೂ ಹೇಳಲ್ಲ.”

ಕ್ಯಾಪ್ ಕೆಳಗೆಳೆದುಕೊಂಡು ಹೆಂಡತಿ ಹೋದ ಕಡೆ ಹೊರಟರು. ಹೊರಗೆ ನದಿಯ ಮೇಲೆ ಮತ್ತೊಂದು ಕಡೆ ಗಡ್ಡೆ ಬಿರಿಯಿತು. ಈ ಸಲ ಯಾರೂ ತಿರುಗಿ ನೋಡಲಿಲ್ಲ.

ನಿಧಿ ತೋಳು ಬಿಟ್ಟಳು. ಸಿಟ್ಟಿನಿಂದಲ್ಲ, ಬೇರೆಯವರದ್ದನ್ನು ತಪ್ಪಿ ಹಿಡಿದುಕೊಂಡದ್ದು ಗೊತ್ತಾದಾಗ ಬಿಡುವಂತೆ. ನಡೆದು ಹೋಗಿ, ಹಿರಿಯರು ನಿಂತಿದ್ದ ಜಾಗದಲ್ಲಿ ನಿಂತಳು. ನನ್ನ ಹೆಸರು ಯಶವಂತ, ಎಂದು ಕಲ್ಲು ಮೊದಲಿಂದ ಶುರು ಮಾಡಿತು. ಅವಳು ಬಗ್ಗಿ ಅದರ ಬಾಯಿಗೆ ಕಿವಿಯಿಟ್ಟಳು.

“ಹೇಳಪ್ಪ,” ಎಂದಳು.

ಯಶವಂತ್ ಬಾಯಿ ತೆರೆದ. ಅವಳ ಬೆನ್ನು ಅವನ ಕಡೆಗಿತ್ತು.